ಗದ್ದಲ ಮಾಡದ ಕೂಸು

ಬಹಳ ಓದಿದವರಿಗೆ ಒಂದು ಅನುಕೂಲವಿದೆ. ತಪ್ಪು ಮಾಡುವಾಗಲೂ ಅದಕ್ಕೊಂದು ಒಳ್ಳೆಯ ಹೆಸರು ಹುಡುಕಿಕೊಳ್ಳಬಲ್ಲರು. ನಾನು ಕುಷ್ಟಗಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರ. ಸಸ್ತನಿಗಳ ಪಾಠವನ್ನು ಎಷ್ಟು ಸಲ ಮಾಡಿದ್ದೇನೆಂದರೆ, 'ಮರಿಗಳಿಗೆ ಹಾಲುಣಿಸುವ ಪ್ರಾಣಿಗಳು' ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅದನ್ನು ಬರೆಯದೆ ಬಿಟ್ಟ ಮಕ್ಕಳ ಅಂಕವನ್ನು ಕರುಣೆಯಿಲ್ಲದೆ ಕತ್ತರಿಸಿದ್ದೇನೆ. ನನ್ನ ಸ್ವಂತ ಮಗಳು ಹುಟ್ಟಿದ ಮೂರನೇ ದಿನ ಮಾತ್ರ ಆ ಸಾಲು ನೆನಪಿಗೆ ಬರಲಿಲ್ಲ. ಅದರ ಬದಲು 'ಹಿರಿಯರ ಅನುಭವ' ಎಂಬ ಮಾತು ಬಂತು.

ಹೆಂಡತಿ ಗಿರಿಜಾಳ ತವರು ತಳಕಲ್. ಹೆರಿಗೆ ಆಸ್ಪತ್ರೆಯಲ್ಲಾಯಿತು. ಅಲ್ಲಿನ ನರ್ಸ್ ಎದುರಿಗೇ ನಿಂತು ಕೂಸಿಗೆ ಎದೆಹಾಲು ಕುಡಿಸಿ, ಎರಡು ದಿನ ನೋಡಿ ಮನೆಗೆ ಕಳಿಸಿದರು. ತವರುಮನೆಯಲ್ಲಿ ನರ್ಸ್ ಇರಲಿಲ್ಲ, ಗಿರಿಜಾಳ ತಾಯಿ, ನನ್ನ ಅತ್ತೆ ಬಸಮ್ಮ ಇದ್ದರು. ಅವರ ಮನೆತನದಲ್ಲಿ ಐದನೇ ದಿನದ ಪೂಜೆ ಮುಗಿಯುವ ತನಕ ಬಾಣಂತಿ ಕೂಸಿಗೆ ಹಾಲು ಕೊಡುವಂತಿಲ್ಲ. "ಹಳದಿ ಹಾಲದು, ಕೂಸಿಗೆ ಜಡ ಆಗ್ತೈತಿ. ಹಿಂಡಿ ಚೆಲ್ಲವ್ವಾ" ಅಂದರು. ಗಿರಿಜಾ ನನ್ನ ಮುಖ ನೋಡಿದಳು. "ದವಾಖಾನ್ಯಾಗ ಕುಡಿಸೇನಲ್ರಿ?" ಅಂದಳು. ನಾನು ಗಂಟಲು ಸರಿಪಡಿಸಿಕೊಂಡು, "ಹಿರ್ಯಾರಿಗೆ ಗೊತ್ತಿರ್ತೈತಿ" ಅಂದೆ. ಬಿ.ಎಸ್ಸಿ., ಬಿ.ಎಡ್. ಎರಡೂ ಸೇರಿ ಆ ಹೊತ್ತಿಗೆ ನನ್ನ ಬಾಯಿಂದ ಹೊರಡಿಸಿದ್ದು ಇಷ್ಟೇ. ನಂತರ ಬಟ್ಟಲಲ್ಲಿ ಸಕ್ಕರೆ ನೀರು ಕಲಸಿ, ಅರಳೆಯ ಬತ್ತಿ ಅದ್ದಿ, ಕೂಸಿನ ಬಾಯಿಗೆ ಇಟ್ಟವನೂ ನಾನೇ. ತಂದೆಯಾದವನು ಏನಾದರೂ ಮಾಡಬೇಕಲ್ಲ.

ಮೊದಲು ಕೂಸು ಸಿಕ್ಕಾಪಟ್ಟೆ ಅತ್ತಿತು. ಮರುದಿನ ಬೆಳಗಾಗುವುದರೊಳಗೆ ಅಳು ನಿಂತಿತು. ಓಣಿಯ ಹೆಂಗಸರು ಬಂದವರೆಲ್ಲ, "ಎಷ್ಟ್ ಶಾಣ್ಯಾ ಐತಿ ನೋಡ್ರಿ, ಕಿನ್ನಾಳ ಗೊಂಬಿ ಇಟ್ಟಂಗ ಮಲಗೇತಿ" ಎಂದು ನೆಟಿಗೆ ಮುರಿದರು. ನಾನು ಉಬ್ಬಿಹೋದೆ. ನಾನೂ ಚಿಕ್ಕವನಿದ್ದಾಗ ಹೀಗೇ ಗದ್ದಲವಿಲ್ಲದವನಾಗಿದ್ದೆ, ಗುಣ ರಕ್ತದಲ್ಲಿ ಬರುತ್ತದೆ ಎಂದು ಅನುವಂಶೀಯತೆಯ ಬಗ್ಗೆ ಅವರಿಗೆ ಒಂದು ಸಣ್ಣ ಪಾಠವನ್ನೂ ಮಾಡಿದೆ.

ಮಧ್ಯಾಹ್ನ ಊರಿನ ಆಶಾ ಕಾರ್ಯಕರ್ತೆ ಶಾಂತವ್ವ ಬಂದಳು. ನಾನು ಆಗ ಎಮ್ಮೆಯ ಗಿಣ್ಣ ತಿನ್ನುತ್ತಿದ್ದೆ. ಅತ್ತೆಯ ಎಮ್ಮೆಯೂ ಅದೇ ವಾರ ಈದಿತ್ತು. ಶಾಂತವ್ವ ಕೂಸಿನ ಅಂಗಾಲಿಗೆ ಬೆರಳಿನಿಂದ ತಟ್ಟಿದಳು. ಕೂಸು ಕಣ್ಣು ತೆರೆಯಲಿಲ್ಲ. "ಉಚ್ಚಿ ಹೊಯ್ದು ಎಷ್ಟ್ ಹೊತ್ತಾತು?" ಅಂದಳು. ಯಾರಿಗೂ ಗೊತ್ತಿಲ್ಲ. ಬಟ್ಟೆ ಬೆಳಗಿನಿಂದ ಒಣಗಿಯೇ ಇತ್ತು.

"ಕೂಸು ಶಾಣ್ಯಾ ಆಗಿಲ್ಲಬೇ ಬಸಮ್ಮಾ, ಸೋತೈತಿ. ಅಳಾಕ ಶಕ್ತಿ ಇಲ್ಲ ಅದಕ್ಕ" ಅಂದವಳು ನನ್ನ ಬಟ್ಟಲು ನೋಡಿದಳು. "ಎಮ್ಮಿ ಕರಾ ಹಾಕಿದ್ರ ಗಿಣ್ಣಕ್ಕ ಓಣಿ ಮಂದಿ ಎಲ್ಲಾ ಬಟ್ಟಲಾ ಹಿಡ್ಕೊಂಡು ಬರ್ತೀರಿ. ನಿಮ್ಮ ಮಗಳ ಗಿಣ್ಣ ಮೋರಿಗೆ ಚೆಲ್ತೀರಿ. ಇದು ಯಾವ ಸಾಲ್ಯಾಗ ಕಲಿಸ್ತಾರ್ರಿ ಮಾಸ್ತರ್ರ?"

ನಾನು ಗಿಣ್ಣದ ಬಟ್ಟಲನ್ನು ಬೆನ್ನ ಹಿಂದೆ ಸರಿಸಿದೆ. ಶಾಂತವ್ವ ಆಂಬುಲೆನ್ಸಿಗೆ ಫೋನು ಮಾಡಿ, ಕೂಸಿನ ಬಟ್ಟೆ ಬಿಚ್ಚಿ ಗಿರಿಜಾಳ ಬರಿಯ ಎದೆಗೆ ಒರಗಿಸಿ ಮೇಲೆ ದುಪ್ಪಟಿ ಹೊದಿಸಿದಳು. ಗಿರಿಜಾ ಆ ಹಳದಿ ಹಾಲನ್ನು ಚಮಚಕ್ಕೆ ಹಿಂಡಿ ಹನಿ ಹನಿಯಾಗಿ ತುಟಿಯ ಮೇಲೆ ಬಿಟ್ಟಳು. ಒಂದು ಹನಿ ಹೊರಗೆ ಹರಿಯಿತು. ಇನ್ನೊಂದೂ ಹರಿಯಿತು. ಮೂರನೆಯದಕ್ಕೆ ಗಂಟಲು ಸಣ್ಣಗೆ ಆಡಿತು. ಆಂಬುಲೆನ್ಸ್ ಕೊಪ್ಪಳದ ಆಸ್ಪತ್ರೆ ಮುಟ್ಟುವ ಮೊದಲೇ ಕೂಸು ತಾನಾಗಿ ಬಾಯಿ ಹಾಕಿತು.

ದಾರಿಯುದ್ದಕ್ಕೂ ಶಾಂತವ್ವ ಗಿರಿಜಾಳ ಬೆನ್ನು ನೇವರಿಸುತ್ತ ಹೇಳುತ್ತಿದ್ದಳು. ಈ ಮೊದಲ ಹಾಲೇ ಕೂಸಿಗೆ ಮೊದಲ ಲಸಿಕೆ ಇದ್ದ ಹಾಗೆ, ಭೇದಿ, ನೆಗಡಿ, ಎದೆಯ ಕಫ ಹತ್ತಿರ ಬರದಂತೆ ಕಾಯುತ್ತದೆ. ಕುಡಿಸಿದ ತಾಯಿಯ ಗರ್ಭಕೋಶ ಬೇಗ ಕುಗ್ಗಿ ರಕ್ತ ಹೋಗುವುದು ಕಡಿಮೆಯಾಗುತ್ತದೆ, ಮುಂದೆ ಎದೆಯ ಕ್ಯಾನ್ಸರಿನ ಭಯವೂ ತಗ್ಗುತ್ತದೆ. ಆರು ತಿಂಗಳು ಬೇರೆ ಏನೂ ಬೇಡ, ನೀರೂ ಬೇಡ. ಇದೆಲ್ಲ ನನ್ನ ಪುಸ್ತಕದಲ್ಲೂ ಇತ್ತು. ಆದರೆ ಪುಸ್ತಕದಲ್ಲಿ ಓದಿದ್ದ ನಾನು ಮೂಲೆಯಲ್ಲಿ ಬಟ್ಟೆಗಂಟು ಹಿಡಿದು ಕುಳಿತಿದ್ದೆ. ಹೆರಿಗೆಯ ಹೊಲಿಗೆಗಳ ನೋವಿನಲ್ಲೂ ನೆಟ್ಟಗೆ ಕುಳಿತ ಗಿರಿಜಾ ಮಾತ್ರ ಆ ಪಾಠವನ್ನು ಮಾಡಿ ತೋರಿಸುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ರಕ್ತದ ಸಕ್ಕರೆ ನೋಡಿ, ಕೆಳಗಿಳಿದಿದೆ ಎಂದು ಗ್ಲೂಕೋಸ್ ಸಲೈನ್ ಹಚ್ಚಿದರು. "ವ್ಯಾಳ್ಯಾಕ್ಕ ತಂದೀರಿ. ಹಾಲು ಬಿಡಿಸಿ ಸಕ್ಕರಿ ನೀರು ಹಾಕಿದವ್ರು ಯಾರು?" ಎಂದು ಕೇಳಿದರು. ನಾನು ಗೋಡೆಯ ಮೇಲಿನ ಲಸಿಕೆಯ ಪಟ್ಟಿಯನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ. ನಮ್ಮ ಜೊತೆಗೇ ಬಂದಿದ್ದ ಅತ್ತೆ ಒಂದು ಕ್ಷಣ ನನ್ನ ಕಡೆ ನೋಡಿ, "ನಾನ್ರಿ ಸಾಹೇಬ್ರ" ಅಂದರು. ಬೈಗುಳ ಪೂರ್ತಿ ಅವರೇ ತಿಂದರು. ಆಮೇಲೆ ಶಾಂತವ್ವನ ಕೈ ಹಿಡಿದು, "ನನಗ ಯಾರೂ ಹೇಳಿದ್ದಿಲ್ಲವ್ವಾ" ಅಂದರು. ನನಗೆ ಎಲ್ಲರೂ ಹೇಳಿದ್ದರು.

ಮೂರು ದಿನಕ್ಕೆ ಕೂಸು ವಾರ್ಡೆಲ್ಲ ಎದ್ದು ಕೂರುವಂತೆ ಕಿರುಚತೊಡಗಿತು. ಅಂದು ಧೈರ್ಯ ಮಾಡಿ ಗಿರಿಜಾಳ ಮುಂದೆ ತಪ್ಪೊಪ್ಪಿಕೊಂಡೆ. "ಬತ್ತಿ ಇಟ್ಟಾಂವ ನಾನು. ಅತ್ತಿ ಸುಳ್ಳ ಹೇಳಿದ್ರು" ಅಂದೆ. ಅವಳು ಕೂಸಿನ ತಲೆ ಸರಿಪಡಿಸಿ, ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು.

"ನಾ ಅಲ್ಲೇ ಮಲಗಿದ್ನಲ್ರಿ, ನೋಡೇನಿ" ಅಂದಳು. "ಹಾಲು ಕುಡಿಸಾಕತ್ತಿದ್ರ ಭಾಳ ನೀರಡಿಕಿ ಆಗ್ತೈತಿ. ಆ ತಂಬಿಗಿ ತುಂಬಿಸ್ಕೊಂಡು ಬರ್ರಿ."

ತುಂಬಿಸಿಕೊಂಡು ಬಂದೆ. ನಾಲ್ಕು ತಿಂಗಳಾಯಿತು, ಈಗಲೂ ನನ್ನದು ತಂಬಿಗೆ ತುಂಬಿಸುವ ಅದೇ ಹುದ್ದೆ. ಬಡ್ತಿಯ ಮಾತು ಎತ್ತುವ ಧೈರ್ಯ ನನಗಿಲ್ಲ.