ಫ್ರಿಜ್ಜಿನಲ್ಲಿ ಕಲ್ಲಾದ ಪಾಕ

ಶಹಾಡಿನ ಒಂದು ಕೆಮಿಕಲ್ ಕಾರ್ಖಾನೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಏನನ್ನಾದರೂ ನೀರಿನಲ್ಲಿ ಕರಗಿಸುತ್ತಲೇ ಬಂದವನು ನಾನು. ಅಂಥವನಿಗೆ ಸಕ್ಕರೆ ಯಾವ ಲೆಕ್ಕ!

ಮಾಜಿವಾಡಾದ ಸಭಾಗೃಹದಲ್ಲಿ ನಮ್ಮ ಊರಿನವರ ಮಹಿಳಾ ಮಂಡಳದ ವಾರ್ಷಿಕೋತ್ಸವ. ಬಂದವರಿಗೆಲ್ಲ ನಿಂಬೆ ಸೋಡಾ ಕೊಡುವ ಹೊಣೆ ಮೊದಲ ಬಾರಿಗೆ ನನ್ನ ಹೆಂಡತಿ ಸುಮತಿಗೆ ಸಿಕ್ಕಿತ್ತು. ಅಧ್ಯಕ್ಷೆ ಶಾಂತಕ್ಕನ ಎದುರು ಹೆಸರು ಕೆಡಬಾರದೆಂದು ಪಾಪ, ವಾರದಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಸಕ್ಕರೆಯನ್ನು ಅಲ್ಲಿಗೇ ಒಯ್ದು ಕರಗಿಸುತ್ತೇನೆ ಎಂದಳು. ನಾನು ಬಿಡಬೇಕಲ್ಲ! ದಟ್ಟ ಪಾಕ ಮಾಡಿಕೊಂಡು ಹೋದರೆ ಡೊಂಬಿವಲಿಯ ಮನೆಯಿಂದ ಲೋಕಲ್ ರೈಲಿನಲ್ಲಿ ಒಂದೇ ಕ್ಯಾನು ಸಾಕು, ಕುದಿಯುವ ನೀರು ಎಷ್ಟು ಸಕ್ಕರೆ ಕೊಟ್ಟರೂ ನುಂಗುತ್ತದೆ ಎಂದು ಉಪನ್ಯಾಸ ಬಿಗಿದೆ.

ನುಂಗಿತು ಕೂಡ. ಒಂದೂವರೆ ಲೀಟರ್ ನೀರು, ಐದು ಕಿಲೋ ಸಕ್ಕರೆ. ಸ್ಟೀಲ್ ಕ್ಯಾನಿಗೆ ಸುರಿದು ತಣ್ಣಗಿರಲೆಂದು ಫ್ರಿಜ್ಜಿನಲ್ಲಿಟ್ಟೆ. ಬಿಸಿಯಲ್ಲಿ ನುಂಗಿದ್ದನ್ನು ನೀರು ತಣ್ಣಗಾದಾಗ ಕಕ್ಕುತ್ತದೆ ಎಂಬುದು ನನಗೆ ಲ್ಯಾಬಿನಲ್ಲಿ ಚೆನ್ನಾಗಿ ಗೊತ್ತಿತ್ತು. ಅಡುಗೆಮನೆಯಲ್ಲಿ ನೆನಪಾಗಲಿಲ್ಲ.

ಮರುದಿನ ಸಭಾಗೃಹದಲ್ಲಿ ಕ್ಯಾನು ಬಗ್ಗಿಸಿದರೆ ಬಂದದ್ದು ನಾಲ್ಕು ಸೌಟು ಪಾಕ. ಉಳಿದದ್ದು ಕಲ್ಲು! ಸುಮತಿ ಏನೋ ಹೇಳಲು ಬಂದಳು. ನಾನು ಧೈರ್ಯಗೆಡದೆ ಕ್ಯಾನಿಗೆ ಕುದಿನೀರು ಹೊಯ್ದು, ಒಂದಿಷ್ಟು ಕರಗಿದ್ದೇ ತಡ, ಹಾಗೆಯೇ ಬಿಸಿಬಿಸಿಯಾಗಿ ಸೋಡಾದ ಜಗ್ಗಿಗೆ ಸುರಿದೆ. ಸಕ್ಕರೆಗೆ ಬಿಸಿ ಹಿತ, ಸೋಡಾದ ಗ್ಯಾಸಿಗೆ ಅಹಿತ. ನೊರೆ ಭುಸ್ಸನೆ ಎದ್ದು ಮೇಜಿನ ಬಟ್ಟೆ ತೊಯ್ದು ನನ್ನ ಚಪ್ಪಲಿಯವರೆಗೂ ಹರಿಯಿತು. ಗ್ಯಾಸೆಲ್ಲ ಹೋಯಿತು. ಸುಮತಿ ತಣ್ಣನೆಯ ನಿಂಬೆರಸಕ್ಕೆ ಹಾಕಿದ್ದ ಉಪ್ಪು ಮಾತ್ರ ಬಿಸಿಗೂ ಬಗ್ಗದೆ, ಚಳಿಗೂ ಬಗ್ಗದೆ, ಮರ್ಯಾದೆಯಿಂದ ಕರಗಿ ಕೂತಿತ್ತು.

ಮೊದಲ ಲೋಟ ಶಾಂತಕ್ಕನ ಕೈ ಸೇರಿತು. ಉಗುರುಬೆಚ್ಚಗೆ, ಸಪ್ಪೆ ಸೋಡಾ, ಮೇಲೆ ಉಪ್ಪು. ಅವರು ಒಂದು ಗುಟುಕು ನುಂಗಿ ಕನಿಕರದಿಂದ ಕೇಳಿದರು, "ಸುಮತಿ, ಇದು ಎಂಥ, ಕಷಾಯವಾ?"

ನೆಲ ಬಾಯಿಬಿಡಬಾರದೇ ಎನಿಸಿತು ನನಗೆ. ಆದರೆ ಸುಮತಿ ಸೀದಾ ಒಳಗೆ ಹೋಗಿ ತನ್ನ ಚೀಲದಿಂದ ನಾಲ್ಕು ಪೊಟ್ಟಣ ಸಕ್ಕರೆ ತೆಗೆದಳು. ಬೇಕಾದಷ್ಟೇ ಬಿಸಿನೀರಿನಲ್ಲಿ ಕರಗಿಸಿ, ಪಾತ್ರೆಯನ್ನು ಐಸಿನ ಮೇಲಿಟ್ಟು ತಣಿಸಿ, ಆಮೇಲೆ ನಿಂಬೆರಸ, ಹೊಸ ಬಾಟಲಿಗಳ ಸೋಡಾ ಬೆರೆಸಿದಳು. ಶಾಂತಕ್ಕ ಎರಡು ಲೋಟ ಕುಡಿದು, ಬರುವ ವರ್ಷವೂ ಇದು ನಿನ್ನದೇ ಕೆಲಸ ಎಂದರು.

ಸಕ್ಕರೆ ಯಾವಾಗ ತಂದದ್ದು ಎಂದು ನಾನು ಮೆಲ್ಲಗೆ ಕೇಳಿದೆ.

"ನೀವು ಕೆಮಿಸ್ಟ್ರಿ ಹೇಳ್ಲಿಕ್ಕೆ ಶುರು ಮಾಡಿದ್ರಲ್ಲ ಮಾರಾಯ್ರೆ, ಆಗಲೇ ಚೀಲಕ್ಕೆ ಹಾಕಿದ್ದು."

ಕ್ಯಾನಿನ ಕಲ್ಲು ಈಗ ನಮ್ಮ ಅಡುಗೆಮನೆಯಲ್ಲಿದೆ. ದಿನಾ ಬೆಳಿಗ್ಗೆ ಸೌಟಿನ ಹಿಡಿಯಿಂದ ಒಂದು ಚೂರು ಒಡೆದು ಚಹಾಕ್ಕೆ ಹಾಕುವುದು ನನ್ನ ಕೆಲಸ. ಬಿಸಿ ಚಹಾದಲ್ಲಿ ಅದು ತಕರಾರಿಲ್ಲದೆ ಕರಗುತ್ತದೆ. ಸುಮತಿ ನೋಡುತ್ತಿದ್ದರೆ ಜೊತೆಗೆ ನಾನೂ ಸ್ವಲ್ಪ ಕರಗುತ್ತೇನೆ.