ಇರ್ ಎಂದರೆ ಹೋಗು

ಹೊಸ ಭಾಷೆ ಕಲಿಯುವುದಕ್ಕೆ ಜನರಿಗೆ ನಾನಾ ಕಾರಣಗಳಿರುತ್ತವೆ. ಕೆಲವರು ಪ್ರೇಮಕ್ಕೆ ಬಿದ್ದು ಕಲಿಯುತ್ತಾರೆ, ಕೆಲವರು ವ್ಯಾಪಾರಕ್ಕಿಳಿದು ಕಲಿಯುತ್ತಾರೆ. ನಮ್ಮ ಲಿಫ್ಟ್ ಮೆಕ್ಯಾನಿಕ್ಕು ಸ್ಪ್ಯಾನಿಷ್ ಕಲಿಯಲು ಹೊರಟದ್ದು ಒಂದು ಟ್ರಂಬೋನಿನ ದೆಸೆಯಿಂದ.

ಟ್ರಂಬೋನು ಅವನದಲ್ಲ, ಹೆಂಡತಿಯ ಸೋದರಮಾವನದು. ಮಾವ ಜೀವಮಾನವೆಲ್ಲ ಸರ್ಕಸ್ ಬ್ಯಾಂಡಿನಲ್ಲಿ ಆ ಉದ್ದನೆಯ ಹಿತ್ತಾಳೆ ವಾದ್ಯವನ್ನು ಊದಿದವರು. ಸರ್ಕಸ್ಸು ಕೊನೆಯ ಸಲ ಡೇರೆ ಕಿತ್ತ ಮೇಲೆ, ಹಲ್ಲು ಕಟ್ಟಿಸಿಕೊಂಡು ಹೋಗುತ್ತೇನೆ ಎಂದು ಸೋದರಸೊಸೆಯ ಮನೆಗೆ ಬಂದರು. ಹಲ್ಲಿನ ಸೆಟ್ಟು ಬಂತು, ಒತ್ತಿತು. ತಿದ್ದಿಸಿದರು, ಸಡಿಲವಾಯಿತು. ಮತ್ತೆ ತಿದ್ದಿಸಿದರು, ಶಿಳ್ಳೆ ಹೊಡೆಯತೊಡಗಿತು. ಅಂತೂ ಹಲ್ಲು ಕೂರುವುದಕ್ಕೆ ಮುಂಚೆ ಮಾವ ಕೂತುಬಿಟ್ಟರು.

ಕೂತವರು ಸುಮ್ಮನೆ ಕೂತಿದ್ದರೆ ಚಿಂತೆಯಿರಲಿಲ್ಲ. ಸರ್ಕಸ್ಸಿನಲ್ಲಿ ಯಾರು ಏನು ಮಾಡಿದರೂ ಅದಕ್ಕೊಂದು ಸ್ವರ ಊದಬೇಕು. ಆ ಅಭ್ಯಾಸ ಅವರ ಮೈಗೆ ಹತ್ತಿಬಿಟ್ಟಿತ್ತು. ಮನೆಯ ಯಜಮಾನ ಚಮಚ ಬೀಳಿಸಿದರೆ ಒಳಕೋಣೆಯಿಂದ ‘ವ್ವಾ ವ್ವಾ ವ್ವಾ’ ಎಂದು, ಕೋಡಂಗಿ ಜಾರಿಬಿದ್ದಾಗ ಊದುವ ಇಳಿಸ್ವರ ಬರುತ್ತಿತ್ತು. ಅವನು ಸ್ನಾನ ಮುಗಿಸಿ ಟವೆಲು ಸುತ್ತಿಕೊಂಡು ಹೊರಬಂದರೆ ಆನೆಯ ಪ್ರವೇಶಕ್ಕೆ ಊದುವ ಗಂಭೀರ ನಡೆ. (ಮೆಕ್ಯಾನಿಕ್ಕು ಸ್ವಲ್ಪ ತುಂಬಿದ ಮೈಯವನು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.) ಹೆಂಡತಿ ಪ್ರತಿಸಲವೂ ನಗುತ್ತಿದ್ದಳು. ತಾಯಿ ಇಲ್ಲದ ತನ್ನನ್ನು ಬೆಳೆಸಿದ ಮಾವನ ವಿಷಯದಲ್ಲಿ ಅವಳು ಒಂದು ಮಾತು ಕೇಳಿಸಿಕೊಳ್ಳುವವಳಲ್ಲ. ಹಾಗಾಗಿ ಅವನು ಆ ಒಂದು ಮಾತನ್ನು ಎಂದೂ ಆಡಿರಲಿಲ್ಲ.

ಆಗ ಅವನ ಕಂಪನಿ ಸಮುದ್ರದಾಚೆ, ಸ್ಪ್ಯಾನಿಷ್ ಆಡುವ ಒಂದು ದೇಶದಲ್ಲಿ ಶಾಖೆ ತೆರೆಯಿತು. ಎರಡು ವರ್ಷದ ಮಟ್ಟಿಗೆ ಒಬ್ಬ ಮೇಲ್ವಿಚಾರಕ ಬೇಕು, ವಾಸಕ್ಕೆ ಮನೆ ಕೊಡುತ್ತಾರೆ, ಭಾಷೆಯ ಬಾಯಿಪರೀಕ್ಷೆಯಲ್ಲಿ ಪಾಸಾಗಬೇಕು ಎಂದರು. ಟ್ರಂಬೋನಿನ ಸದ್ದು ಸಮುದ್ರ ದಾಟುವುದಿಲ್ಲ ಎಂಬ ಭೌತಶಾಸ್ತ್ರದ ಪರಮಸತ್ಯ ಮೆಕ್ಯಾನಿಕ್ಕಿಗೆ ಹೊಳೆಯಿತು. ಹೆಂಡತಿಗೆ ಮಾತ್ರ ಬಡ್ತಿಯ ಕಾರಣ ಹೇಳಿದ.

ಸ್ಪ್ಯಾನಿಷ್ ತರಗತಿ ನಡೆಯುತ್ತಿದ್ದದ್ದು ಈಜುಕೊಳದ ಮೇಲಿನ ಮಹಡಿಯಲ್ಲಿ. ಕ್ಲೋರಿನ್ ವಾಸನೆಗೆ ಸದಾ ಮೂಗು ಒರೆಸಿಕೊಳ್ಳುವ ಟೀಚರು, ಒಂದು ಕ್ರಿಯಾಪದವನ್ನು ಪಳಗಿಸಿದರೆ ಉಳಿದವು ಹಿಂದೆ ಬರುತ್ತವೆ ಎಂದು ಹೇಳಿ, ಇರುವುದರಲ್ಲೇ ಪುಂಡಾದ ಒಂದನ್ನು ಹಲಗೆಯ ಮೇಲೆ ಬರೆದರು. ಇರ್. ಅರ್ಥ: ಹೋಗು.

ಇರ್ ಎಂದರೆ ಹೋಗು ಎಂದಾಗಲೇ ಅವನಿಗೆ ಗುಮಾನಿ ಬಂತು. ವರ್ತಮಾನಕ್ಕೆ ಬಂದಾಗ ಗುಮಾನಿ ಗಟ್ಟಿಯಾಯಿತು. ನಾನು ಹೋಗುತ್ತೇನೆ ಎನ್ನುವುದಕ್ಕೆ ಬೋಯ್, ನೀನು ಹೋಗುತ್ತೀಯೆ ಎನ್ನುವುದಕ್ಕೆ ಬಾಸ್, ಅವನು ಹೋಗುತ್ತಾನೆ ಎನ್ನುವುದಕ್ಕೆ ಬಾ. ಮೂಲ ಧಾತುವಿನ ಒಂದು ಅಕ್ಷರವೂ ಉಳಿದಿರಲಿಲ್ಲ.

“ಮೇಡಂ, ಹೋಗ್ತಾನೆ ಅನ್ನೋದಕ್ಕೆ ಬಾ ಅಂತಾರಾ?”

“ಹೌದು, ಬಾ ಅಂತಾರೆ.”

“ಮತ್ತೆ ಅವನು ಹೋಗೋದು ಹ್ಯಾಗೆ?”

ಟೀಚರು ಮೂಗು ಒರೆಸಿಕೊಂಡು ಭೂತಕಾಲಕ್ಕೆ ದಾಟಿದರು. ಹೋದೆ ಎನ್ನುವುದಕ್ಕೆ ಫುಯಿ. ಇದ್ದೆ ಎನ್ನುವುದಕ್ಕೂ ಫುಯಿ. ಇದ್ದವನೂ ಹೋದವನೂ ಒಂದೇ ಎನ್ನುವುದು ವ್ಯಾಕರಣವೋ ವೇದಾಂತವೋ ಅವನಿಗೆ ತಿಳಿಯಲಿಲ್ಲ. ಇನ್ನೊಂದು ಭೂತಕಾಲವಿತ್ತು, ಈಬಾ: ಹೋಗುತ್ತಿದ್ದೆ, ಆದರೆ ಹೋಗಿ ಮುಟ್ಟಿದೆನೋ ಇಲ್ಲವೋ ಹೇಳುವುದಿಲ್ಲ. (ಹಲ್ಲು ಸರಿಹೋದ ಕೂಡಲೆ ಹೋಗುವುದಾಗಿ ಹೇಳುತ್ತ ಬಂದ ಮಾವನ ಕಾಲ ಇದೇ ಎಂದು ಅವನಿಗೆ ತಟ್ಟನೆ ಗೊತ್ತಾಯಿತು.) ಭವಿಷ್ಯಕ್ಕೆ ಇರೇ: ನಾನು ಹೋಗುವೆನು. ಅವರು ಹೋಗುವರು ಎಂದರೆ ಇರಾನ್. ಬೇರೆ ಎಲ್ಲಿಗೆ ಹೋದರೂ ಇರಾನೇ.

ಮೆಕ್ಯಾನಿಕ್ಕು ಹಟ ಬಿಡಲಿಲ್ಲ. ತನ್ನ ಕಸುಬನ್ನೇ ವ್ಯಾಕರಣಕ್ಕೆ ಕಟ್ಟಿದ. ನೆಲಮಾಳಿಗೆ ಭೂತಕಾಲ, ಬೀದಿ ಮಟ್ಟ ವರ್ತಮಾನ, ಮೇಲಂತಸ್ತು ಭವಿಷ್ಯ. ಲಿಫ್ಟಿನ ಹಳಿಗೆ ಎಣ್ಣೆ ಬಿಡುತ್ತ ಫುಯಿ, ಬೋಯ್, ಇರೇ ಎಂದು ಏರುವುದು, ಇರೇ, ಬೋಯ್, ಫುಯಿ ಎಂದು ಇಳಿಯುವುದು. ಒಂದು ದಿನ ಅವನ ಜೊತೆ ಹತ್ತಿದ ಮುದುಕಿಯೊಬ್ಬಳು, ಲಿಫ್ಟಿನಲ್ಲಿ ಏನೋ ಕೆಟ್ಟಿದೆ, ವಿಚಿತ್ರ ಸದ್ದು ಬರುತ್ತಿದೆ ಎಂದು ಅವನದೇ ಕಂಪನಿಗೆ ದೂರು ಕೊಟ್ಟಳು.

ಕೊನೆಗೆ ಉಳಿದದ್ದು ‘ಹೋಗುವ ಹಾಗಿದ್ದರೆ ಹೋಗುತ್ತಿದ್ದೆ’ ಎಂಬ ರೂಪ: ಇರೀಯಾ. ಎರಡು ಅಂತಸ್ತುಗಳ ನಡುವೆ ಸಿಕ್ಕಿಕೊಂಡ ಲಿಫ್ಟು ಅದು. ಇದಕ್ಕೆ ಬರಿಯ ಉಚ್ಚಾರಣೆ ಸಾಲದು, ದನಿಯಲ್ಲಿ ಆಸೆ ಇರಬೇಕು ಎಂದು ಟೀಚರು ಎಚ್ಚರಿಸಿದ್ದರು.

ಪರೀಕ್ಷೆಯ ಹಿಂದಿನ ಭಾನುವಾರ ತಿಂಡಿ ತಿನ್ನುವಾಗ ಹೆಂಡತಿ ಏನೋ ಹೇಳಿದಳು. ಅವನು ಈಬಾದ ಮಧ್ಯದಲ್ಲಿದ್ದ, ಹೂಂ ಎಂದ. ಅವಳ ಕಣ್ಣು ತುಂಬಿದ್ದೂ ಅವನಿಗೆ ಕಾಣಲಿಲ್ಲ. ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿ, ಮಾವನ ವಾದ್ಯ ಕಿವಿಗೆ ಬೀಳದಿರಲಿ ಎಂದು ನಲ್ಲಿ ಬಿಟ್ಟು, ಕಣ್ಣು ಮುಚ್ಚಿ ಶುರುಮಾಡಿದ.

ಹೆಂಡತಿ ಹೇಳಿದ್ದು ಇಷ್ಟು. ಸರ್ಕಸ್ಸಿನ ಹಳೆಯ ಕೋಡಂಗಿಯೂ ದೊಂಬರಾಟದವನೂ ಸೇರಿ ಒಂದು ಮನೆ ಹಿಡಿದಿದ್ದಾರೆ, ಮಾವನನ್ನೂ ಕರೆದಿದ್ದಾರೆ, ಮಾವ ಈವತ್ತೇ ಹೊರಡುತ್ತಾರೆ. ನಮ್ಮವನು ಯಾವುದಕ್ಕೆ ಹಗಲಿರುಳು ನಾಲಿಗೆ ಸವೆಸುತ್ತಿದ್ದನೋ ಅದು ತಾನಾಗಿ ಶೂ ಹಾಕಿಕೊಂಡು, ಚೀಲ ಮತ್ತು ವಾದ್ಯದ ಪೆಟ್ಟಿಗೆ ಹಿಡಿದು, ಟ್ಯಾಕ್ಸಿ ಕಾಯುತ್ತ ಬಚ್ಚಲ ಎದುರಿನ ಪಡಸಾಲೆಯಲ್ಲೇ ನಿಂತಿತ್ತು.

ಒಳಗಿಂದ, ಆಸೆಯಿಂದ ನಡುಗುವ ದನಿಯಲ್ಲಿ, ‘ಇರೀ… ಯಾ’ ಎಂದು ಕೇಳಿಸಿತು.

ಮಾವ ತಿರುಗಿದರು. ಹೆಂಡತಿ ಅಡುಗೆಮನೆಯಿಂದ ಈಚೆ ಬಂದಳು. ‘ಇರೀ… ಯಾ’ ಎಂದು ಮತ್ತೆ ಬಂತು. ಆಮೇಲೆ ಅವನು ಬಹುವಚನಕ್ಕೆ ಬಂದ. ಹೋಗುವ ಹಾಗಿದ್ದರೆ ನಾವು ಹೋಗುತ್ತಿದ್ದೆವು: ಇರೀಯಾಮೋಸ್. ಕೊನೆಯ ಅಕ್ಷರವನ್ನು ನಲ್ಲಿಯ ನೀರು ನುಂಗಿತು. ಉಳಿದದ್ದನ್ನು ಬಚ್ಚಲಿನ ಗೋಡೆಗಳು ಎಳೆದು ಹಿಂಜಿ ಹೊರಗೆ ಕಳಿಸಿದವು. ‘ಇರೀ… ಯಾ… ಮಾವೋ…’

ಹೆಂಡತಿ ಕೈಯಲ್ಲಿದ್ದ ಪಾತ್ರೆ ಒರೆಸುವ ಬಟ್ಟೆಯನ್ನೇ ಕಣ್ಣಿಗೆ ಒತ್ತಿಕೊಂಡಳು. ಮಾವ ಚೀಲ ಕೆಳಗಿಟ್ಟರು.

ಮೆಕ್ಯಾನಿಕ್ಕು ಟವೆಲು ಸುತ್ತಿಕೊಂಡು ಬಾಗಿಲು ತೆಗೆದದ್ದೇ ತಡ, ಮಾವ ಅವನನ್ನು ಒದ್ದೆ ಮೈಯಲ್ಲೇ ತಬ್ಬಿಕೊಂಡರು.

“ಬಾಗಿಲ ಹಿಂದೆ ನಿಂತು ಹೇಳ್ಬೇಕಾ ಅಳಿಯಂದ್ರೇ? ಎದುರಿಗೇ ಇರಿ ಅಂದಿದ್ರೆ ನಾನು ಚೀಲನೇ ಕಟ್ತಿರಲಿಲ್ಲ.”

ಚೀಲ ಯಾಕೆ ಎಂದು ಅವನು ಕೇಳಿದ. ಹೆಂಡತಿ ಬೆಳಗಿನ ಮಾತನ್ನೆಲ್ಲ ಇನ್ನೊಮ್ಮೆ ಹೇಳಿದಳು. ಕೇಳುತ್ತ ಕೇಳುತ್ತ ಅವನ ಮೈಮೇಲಿನ ನೀರು ತಣ್ಣಗಾಯಿತು. ಇದು ಕ್ರಿಯಾಪದ, ಉತ್ತಮ ಪುರುಷ, ಬಹುವಚನ ಎಂದು ವಿವರಿಸಲು ಬಾಯಿ ತೆರೆದ. ಆದರೆ ಹೆಂಡತಿ ಅವನನ್ನು ನೋಡುತ್ತಿದ್ದಳು. ಮದುವೆಗೆ ಮುಂಚೆ, ಕೆಟ್ಟು ನಿಂತ ಲಿಫ್ಟಿನಿಂದ ಅವನು ಅವಳನ್ನು ಕೈಹಿಡಿದು ಹೊರಗೆಳೆದ ದಿನ ನೋಡಿದ್ದಳಲ್ಲ, ಹಾಗೆ. ಆ ನೋಟ ಮತ್ತೆ ಸಿಗುತ್ತದೆಂದು ಅವನು ಅಂದುಕೊಂಡಿರಲಿಲ್ಲ.

“ಏನೋ, ಬಾಯಿಗೆ ಬಂತು, ಅಂದ್ಬಿಟ್ಟೆ” ಎಂದ. ಅಕ್ಷರಶಃ ನಿಜ.

ಬಂದ ಟ್ಯಾಕ್ಸಿಯನ್ನು ಹೆಂಡತಿಯೇ ಹಿಂದಕ್ಕೆ ಕಳಿಸಿದಳು.

ಮಾರನೆಯ ದಿನದ ಪರೀಕ್ಷೆಗೆ ಅವನು ಹೋದದ್ದು ಮುಳುಗುವವನು ಹಲಗೆ ಹಿಡಿಯುವಂತೆ. ಮುಖ್ಯ ಕಚೇರಿಯಿಂದ ಬಂದಿದ್ದ ಹೆಂಗಸು, ನಿನ್ನೆ ಎಲ್ಲಿಗೆ ಹೋಗಿದ್ದಿರಿ ಎಂದು ಸ್ಪ್ಯಾನಿಷಿನಲ್ಲಿ ಕೇಳಿದಳು. ಯಾರೂ ಎಲ್ಲಿಗೂ ಹೋಗಲಿಲ್ಲ ಎಂದು ಭೂತಕಾಲದಲ್ಲಿ ನಿಟ್ಟುಸಿರಿಟ್ಟ. ಅವಕಾಶ ಸಿಕ್ಕಿದರೆ ಈ ಹುದ್ದೆಗೆ ಹೋಗುತ್ತೀರಾ ಎಂದು ಕೇಳಿದಾಗ, ಹೊಟ್ಟೆಯೊಳಗಿಂದ ಒಂದೇ ಪದ ಹೊರಟಿತು: ಇರೀಯಾ. ಆ ರೂಪವನ್ನು ಇಷ್ಟು ಮನಸಾರೆ ನುಡಿದವರನ್ನು ತಾನು ಕಂಡಿಲ್ಲವೆಂದು ಹೇಳಿ ಅವಳು ಎದ್ದು ಕೈಕುಲುಕಿದಳು. ಹುದ್ದೆ ಅವನದಾಯಿತು.

ದಾರಿಯುದ್ದಕ್ಕೂ ಅವನು ಲೆಕ್ಕ ಹಾಕಿದ. ಮಾವ ಉಳಿದರೆ ಉಳಿಯಲಿ, ಸಮುದ್ರದ ಈಚೆ ಉಳಿಯುತ್ತಾರೆ. ಸುದ್ದಿ ಹೇಳಿ, ಮನೆ ನೋಡಿಕೊಳ್ಳಲು ಹೇಗೂ ಮಾವ ಇದ್ದಾರಲ್ಲ ಎಂದು ಮೆಲ್ಲಗೆ ಸೇರಿಸಿದ. ಹೆಂಡತಿಗೆ ಅದು ತಮಾಷೆಯೆಂದೇ ಅನ್ನಿಸಿತು.

“ಇರಿ ಅಂತ ಅಷ್ಟು ಅಂಗಲಾಚಿ, ಈಗ ಬಿಟ್ಟು ಹೋದ್ರೆ ಅವರೇನು ಅಂದ್ಕೊಂಡಾರು? ಕಂಪನಿ ಮನೇಲಿ ಕೋಣೆ ಎಷ್ಟಿದ್ಯಂತೆ ಕೇಳಿ.” ಇಷ್ಟು ಹೇಳಿ ಟೀ ಮಾಡಲು ಒಳಗೆ ಹೋದಳು.

ಅವನು ಕೊನೆಯ ಪ್ರಯತ್ನವಾಗಿ, ಹಾಗಿದ್ದರೆ ಮೊದಲು ತಾನೊಬ್ಬನೇ ಹೋಗಿ ನೆಲೆ ನಿಲ್ಲುವುದೇ ಸರಿ, ಇರೇ, ಎಂದು ಭವಿಷ್ಯತ್ಕಾಲದಲ್ಲಿ ಗಟ್ಟಿಯಾಗಿಯೇ ಗೊಣಗಿಕೊಂಡ. ಒಳಕೋಣೆಯ ಬಾಗಿಲು ತೆರೆಯಿತು.

“ಇರೇ ಅಲ್ಲ ಅಳಿಯಂದ್ರೇ” ಎಂದರು ಮಾವ. “ಇರೇಮೋಸ್.”

ಅದು ಟೀಚರೂ ಮೆಚ್ಚುವಂಥ ಉಚ್ಚಾರಣೆ. ತಿಂಗಳುಗಟ್ಟಲೆ ಗೋಡೆಯಾಚೆ ಅವನು ಅರ್ಥದೊಡನೆ ಉರುಹೊಡೆದದ್ದನ್ನು ಬ್ಯಾಂಡಿನವರ ಕಿವಿ ಸ್ವರ ಸಮೇತ ಹಿಡಿದಿಟ್ಟುಕೊಂಡಿತ್ತು. ಮೆಕ್ಯಾನಿಕ್ಕಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

“ಹಾಗಾದ್ರೆ ನಿನ್ನೆ ಬಚ್ಚಲಲ್ಲಿ ನಾನು ಅಂದದ್ದು…”

“ಇರೀಯಾಮೋಸ್. ಹೋಗೋ ಹಾಗಿದ್ರೆ ನಾವು ಹೋಗ್ತಿದ್ವಿ.” ಮಾವ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಆ ಕೋಡಂಗಿ ರಾತ್ರಿಯೆಲ್ಲ ಗೊರಕೆ ಹೊಡೀತಾನಪ್ಪ. ನನಗೂ ಅಲ್ಲಿಗೆ ಹೋಗೋ ಮನಸ್ಸಿರಲಿಲ್ಲ. ಹುಡುಗಿಗೆ ಇದೆಲ್ಲ ಹೇಳೋದು ಬೇಡ. ನಿಮ್ಮ ಮೇಲೆ ಅವಳಿಗೆ ಎಷ್ಟು ಅಭಿಮಾನ ಬಂದಿದೆ ನೋಡಿ.”

ಹೆಂಡತಿ ಟೀ ತಂದಳು. ಮೊದಲ ಲೋಟವನ್ನು, ಎಂದೂ ಇಲ್ಲದ ಹಾಗೆ, ಗಂಡನಿಗೇ ಕೊಟ್ಟಳು. ಅವನು ಊದಿ ಊದಿ ಕುಡಿದ. ಅಷ್ಟು ದಿನ ಉರುಹೊಡೆದರೂ ಗಮನಕ್ಕೆ ಬಾರದಿದ್ದ ಒಂದು ಸಂಗತಿ ಅವನಿಗೆ ಆಗ ಹೊಳೆಯಿತು. ಆ ಭಾಷೆಯಲ್ಲಿ ಯಾವ ಕಾಲವಾದರೂ ಆಗಲಿ, ‘ನಾವು’ ಎಂದಿರೋ, ಕೊನೆಗೆ ಮೋಸ್ ಇದ್ದದ್ದೇ.