ರೈಟರಿಂದ ರೈಟರಿಗೆ, ಎಸ್ಟೇಟಿನ ವಿಷಯವಾಗಿ

ಸುಧಾ ಟೀಚರ್ ನನಗೆ ಎರವಲು ಕೊಟ್ಟ ಹಳೆಯ ಇಂಗ್ಲಿಷ್ ಕಾದಂಬರಿಯನ್ನು ಬರೆದ ರೈಟರಮ್ಮನವರ ಸನ್ನಿಧಿಗೆ,

ಮಾನ್ಯರೇ,

ಸುಂಟಿಕೊಪ್ಪದ ಪಕ್ಕದ ಕಾಫಿ ಎಸ್ಟೇಟೊಂದರ ರೈಟರ್ ಚಿದಾನಂದ ಮಾಡುವ ಸವಿನಯ ನಮಸ್ಕಾರಗಳು. ತಾವು ತೀರಿಕೊಂಡು ಬಹಳ ಕಾಲವಾಯಿತೆಂದು ಮುನ್ನುಡಿಯಲ್ಲಿ ಓದಿ ವಿಷಾದವಾಯಿತು. ಆದರೂ ನಮ್ಮ ಕಡೆ ಕಾಗದಗಳು ತಲುಪುವ ವೇಗ ನೋಡಿದರೆ, ಇದು ತಮಗೆ ಕೊಂಚ ತಡವಾಗಿ ಸಿಕ್ಕಿತೆಂದು ಯಾರೂ ಆಶ್ಚರ್ಯಪಡಬೇಕಾಗಿಲ್ಲ.

ನಮ್ಮಲ್ಲಿ ರೈಟರ್ ಅಂದರೆ ಚೆಕ್‌ರೋಲ್ ಎಂಬ ಪುಸ್ತಕದಲ್ಲಿ ಆಳುಗಳ ಹಾಜರಿ ಬರೆಯುವವನು, ಕಥೆ ಬರೆಯುವವನಲ್ಲ. ಕೊಡಗಿನ ಕೂಸಿಗೂ ಇದು ಗೊತ್ತು. ತುಮಕೂರಿನಿಂದ ವರ್ಗವಾಗಿ ಮಡಿಕೇರಿಗೆ ಬಂದ ಇಂಗ್ಲಿಷ್ ಟೀಚರ್ ಸುಧಾ ಅವರಿಗೆ ಗೊತ್ತಿರಲಿಲ್ಲ. ಅವರ ಪಕ್ಕದ ಮನೆಯಲ್ಲಿರುವ ನನ್ನ ಚಿಕ್ಕಮ್ಮ ಸುಮಿತ್ರಮ್ಮ, ಮೂವತ್ತನಾಲ್ಕಾದರೂ ಮದುವೆಯಾಗದ ನನ್ನನ್ನು ಪರಿಚಯಿಸುವಾಗ, ಹುಡುಗ ಎಸ್ಟೇಟಿನಲ್ಲೇ ಇರುತ್ತಾನೆ, ರೈಟರ್ ಎಂದು ಸತ್ಯವನ್ನೇ ಹೇಳಿದರು. ಸುಧಾ ಅವರು ಕಣ್ಣರಳಿಸಿ, ಈಗ ಏನು ಬರೆಯುತ್ತಿದ್ದೀರಿ ಎಂದು ಕೇಳಿದರು. ಚೆಕ್‌ರೋಲ್, ತಿಂಗಳಿಗೊಂದು ಮುಗಿಸುತ್ತೇನೆ ಎಂದೆ. ಅದರಲ್ಲಿ ಎಷ್ಟು ಜನ ಬರುತ್ತಾರೆ ಎಂದರು. ನೂರಿಪ್ಪತ್ತು, ಆದರೆ ಸೋಮವಾರ ಮಾತ್ರ ಎಂಬತ್ತೇ ಎಂದೆ. ಅವರು ಮನಸಾರೆ ನಕ್ಕು ತಾವು ಬರೆದ ಈ ಕಾದಂಬರಿಯನ್ನು ನನ್ನ ಕೈಗಿತ್ತರು.

ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದೆ. ಏನು ಬರವಣಿಗೆ, ಎಂಥ ಎಸ್ಟೇಟು! ನಾಯಕನದು ಕಣ್ಣು ಹಾಯುವಷ್ಟು ಜಾಗ, ಆದರೆ ಅಲ್ಲಿನ ಕಾಫಿ ಅರೇಬಿಕಾವೋ ರೋಬಸ್ಟಾವೋ ತಾವು ತಿಳಿಸಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಂತೋ ಇಲ್ಲವೋ ಎಂದು ಆ ಮಹಾನುಭಾವ ಒಂದು ದಿನವೂ ಆಕಾಶ ನೋಡುವುದಿಲ್ಲ. ಹಣ್ಣು ಕೊಯ್ಯುವ ಪಿಕ್ಕಿಂಗ್ ಇಲ್ಲ, ಆನೆ ಇಲ್ಲ, ಆಳುಗಳು ವಾಸಿಸುವ ಲೈನ್‌ಮನೆಗಳಲ್ಲಿ ಒಬ್ಬರೂ ಇಲ್ಲ. ಆದರೂ ವರ್ಷವರ್ಷವೂ ಆದಾಯ ತಾನಾಗಿ ನಡೆದು ಬರುತ್ತದೆ. ಈ ಗುಟ್ಟನ್ನು ದಯವಿಟ್ಟು ನಮ್ಮ ಸಾಹುಕಾರರಿಗೆ ಹೇಳಬೇಡಿ, ನನ್ನ ಕೆಲಸ ಹೋದೀತು. ಇನ್ನು ನಾಯಕ ಹೋದಲ್ಲೆಲ್ಲ ಮುಖ ಗಂಟಿಕ್ಕಿಕೊಂಡಿದ್ದರೆ ಅದು ಘನತೆಯಂತೆ. ನಾನೂ ಒಂದು ದಿನ ಹಾಗಿದ್ದು ನೋಡಿದೆ. ಪಿಕ್ಕಿಂಗಿಗೆ ಬರುವ ಲಿಂಗಿ ಹಲ್ಲುನೋವೆಂದು ತಿಳಿದು ಲವಂಗ ತಂದುಕೊಟ್ಟಳು.

ಹೀಗೆ ಓದುತ್ತಿದ್ದವನ ನಗು, ಕೊನೆಯಲ್ಲಿ ನಾಯಕಿ ಆ ಎಸ್ಟೇಟಿನ ಒಡೆಯನನ್ನೇ ಮದುವೆಯಾದಾಗ ನಿಂತಿತು. ಸ್ವಂತ ಎಸ್ಟೇಟಿನಲ್ಲಿ ಕೂತು ಕಾದಂಬರಿ ಬರೆಯುವ ಶ್ರೀಮಂತನೆಂದು ಸುಧಾ ಅವರು ನನ್ನನ್ನು ತಿಳಿದಿದ್ದಾರೆಂಬುದು ಆಗ ಹೊಳೆಯಿತು. ಅವರು ನನಗೆ ಇಷ್ಟವಾಗಿದ್ದಾರೆ, ಬಹಳವೇ ಇಷ್ಟವಾಗಿದ್ದಾರೆ. ಭಾನುವಾರ ಪುಸ್ತಕ ಹಿಂತಿರುಗಿಸಿ ನಿಜ ಹೇಳಲೇಬೇಕು, ಹೇಳಿದರೆ ಅವರು ಕೈತಪ್ಪುತ್ತಾರೆಂದು ಭಯ.

ಆದ್ದರಿಂದ ಭಾನುವಾರದೊಳಗೆ ತಾವು ಒಂದು ಅಧ್ಯಾಯ ಸೇರಿಸಿಕೊಡಬೇಕೆಂದು ಪ್ರಾರ್ಥನೆ. ಅದರಲ್ಲಿ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಒಬ್ಬ ರೈಟರ್ ಬರಲಿ, ನಾಯಕಿ ಎಸ್ಟೇಟಿನ ಒಡೆಯನಿಗೆ ಒಪ್ಪಿಗೆ ಹೇಳುವ ಮುಂಚೆ ಒಂದೇ ಒಂದು ಸಲ ಅವನ ಕಡೆ ತಿರುಗಿ ನೋಡಲಿ. ಮದುವೆ ಮಾಡಿಸುವುದು ಬೇಡ, ನೋಡಿದರೆ ಸಾಕು. ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ.

ಉತ್ತರ ಬಾರದೆಂದು ಗೊತ್ತಿದ್ದೂ ತಮ್ಮ ವಿಶ್ವಾಸಿಯಾಗಿರುವ,
ಚಿದಾನಂದ
ರೈಟರ್, ಹಾಜರಿ ವಿಭಾಗ

ತಾ.ಕ.: ಅಂಚೆಗೆ ಹಾಕುವ ಮೊದಲೇ ಭಾನುವಾರ ಬಂತು. ನಿಜ ಹೇಳಿಬಿಟ್ಟೆ. "ಚೆಕ್‌ರೋಲ್ ಅಂದಾಗಲೇ ಗೊತ್ತಾಯ್ತು. ಸೋಮವಾರ ಬಾರದ ಆ ನಲವತ್ತು ಜನರ ಕಥೆ ಹೇಳಿ, ಅದು ಈ ಪುಸ್ತಕದಲ್ಲಿಲ್ಲ" ಎಂದು ಸುಧಾ ಇನ್ನೊಂದು ಲೋಟ ಕಾಫಿ ಬಗ್ಗಿಸಿದರು. ನಾಯಕಿಯ ಒಪ್ಪಿಗೆಗೆ ತಾವು ಮುನ್ನೂರು ಪುಟ ಎಳೆದ ಕೆಲಸ ಇಲ್ಲಿ ಆ ಲೋಟ ಆರುವ ಮೊದಲು ಮುಗಿದಿದೆ, ಆದ್ದರಿಂದ ಅಧ್ಯಾಯದ ತೊಂದರೆ ತೆಗೆದುಕೊಳ್ಳಬೇಡಿ. ಮದುವೆ ಪಿಕ್ಕಿಂಗ್ ಮುಗಿದ ಮೇಲೆ; ಪಿಕ್ಕಿಂಗ್ ಅಂದರೇನೆಂದು ತಮ್ಮ ನಾಯಕನನ್ನು ಮಾತ್ರ ಕೇಳಬೇಡಿ.